‘ಉಳಿದ’ ವಿಷಯದಿಂದ ಪದವಿಯವರೆಗೆ: ನಡುವಯಸ್ಸಿನಲ್ಲಿ ಓದಲು ಹೊರಟ ನಮ್ಮ ಹೆಣ್ಣುಮಕ್ಕಳಿಗೆ

ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿ ಸೀಮೆಯ, ಪರಿಶಿಷ್ಟ ಪಂಗಡಕ್ಕೆ ಸೇರಿದ ವಾಲ್ಮೀಕಿ ನಾಯಕರ ಮನೆಗಳಲ್ಲಿ ಮೂವತ್ತೈದು ದಾಟಿದ ಹೆಣ್ಣುಮಕ್ಕಳನ್ನು ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಎಸ್ಸೆಸ್ಸೆಲ್ಸಿಯಾಗ ಗಣಿತ ಉಳೀತು’, ಇಲ್ಲವೇ ‘ಪಿಯುಸಿಯಾಗ ಇಂಗ್ಲಿಷ್ ಉಳೀತು, ಅಷ್ಟರಾಗ ಮದುವಿ ಆತು’. ನಮ್ಮ ಕಡೆ ಫೇಲಾದೆ ಎನ್ನುವವರು ಕಡಿಮೆ, ಉಳೀತು ಎನ್ನುವವರೇ ಹೆಚ್ಚು. ಆ ಮಾತಿನಲ್ಲಿ ಸಂಕೋಚ ಇರುವಷ್ಟೇ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬ ಅರ್ಥವೂ ಇದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ 7ರಷ್ಟಿದ್ದರೆ, ರಾಯಚೂರು ಜಿಲ್ಲೆಯಲ್ಲಿ ಶೇ 19ರಷ್ಟು, ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಶೇ 18ರಷ್ಟು ಇದ್ದರು. ಅದೇ ಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಹಾಗಿರುವಾಗ ಹತ್ತನೆಯ ತರಗತಿಯ ಬಾಗಿಲಿಗೆ ಬಂದು ನಿಂತವಳು ತನ್ನ ಓಣಿಯ ಮಟ್ಟಿಗೆ ಆಗಲೇ ಬಹಳ ದೂರ ನಡೆದವಳು.

ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಮದುವೆಯಾದ ಹದಿನಾಲ್ಕು ವರ್ಷಗಳ ಮೇಲೆ ಪಿಯುಸಿ ಮುಗಿಸಿ, ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ಬಿ.ಎ. ಸೇರಿದೆ. ಆ ಮೇಲೆ ನಮ್ಮ ಓಣಿಯ ಮತ್ತು ಸುತ್ತಲಿನ ಊರುಗಳ ಹತ್ತು ಹದಿನೈದು ಹೆಣ್ಣುಮಕ್ಕಳ ಅರ್ಜಿಗಳನ್ನು ಕೂಡಿ ಕುಳಿತು ತುಂಬಿಸಿದ್ದೇನೆ. ಅವರಲ್ಲಿ ನಡುವೆ ಬಿಟ್ಟವರು ಪುಸ್ತಕ ಕಷ್ಟವಾಗಿ ಬಿಟ್ಟದ್ದು ಕಡಿಮೆ, ಕಾಗದಗಳು ಒಂದಕ್ಕೊಂದು ಹೊಂದದೆ ಬಿಟ್ಟದ್ದೇ ಹೆಚ್ಚು. ಆದ್ದರಿಂದ ಈ ಬರಹವನ್ನು ಕಾಗದಗಳಿಂದಲೇ ಆರಂಭಿಸುತ್ತೇನೆ, ಪುಸ್ತಕ ಆಮೇಲೆ.

ಮೊದಲು ಹೆಸರನ್ನು ಒಂದೇ ಮಾಡಿಕೊಳ್ಳಿ

ಒಂದು ಸಂಜೆ ಬಿಡುವು ಮಾಡಿಕೊಂಡು ಟ್ರಂಕಿನಲ್ಲಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ಮತ್ತು ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಹೊರಸಿನ ಮೇಲೆ ಸಾಲಾಗಿ ಹರಡಿ, ನಾಲ್ಕರಲ್ಲಿಯೂ ನಿಮ್ಮ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿರಿ. ಹುಲಿಗೆಮ್ಮ ದೇವಿಯ ಹೆಸರನ್ನು ಇಟ್ಟುಕೊಂಡ ಹೆಣ್ಣುಮಕ್ಕಳು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಅವರ ಕಾಗದಗಳಲ್ಲಿ ಒಂದರಲ್ಲಿ ಹುಲಿಗೆಮ್ಮ, ಮತ್ತೊಂದರಲ್ಲಿ ಹುಲಿಗೆವ್ವ, ಇನ್ನೊಂದರಲ್ಲಿ ಹುಲಿಗಮ್ಮ ಎಂದು ಇರುವುದನ್ನು ನಾನೇ ಕಂಡಿದ್ದೇನೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ತಂದೆಯ ಹೆಸರಿನ ಅಕ್ಷರ ಇರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು ಬಂದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಎರಡೂ ಇರುವುದಿಲ್ಲ. ಊರಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ, ಎಲ್ಲರಿಗೂ ಗೊತ್ತಿರುವ ಹೆಂಗಸು. ಕಂಪ್ಯೂಟರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಹೆಂಗಸರು.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬ ಪ್ರಶ್ನೆಗೆ ನನ್ನ ಖಚಿತ ಸಲಹೆಯೆಂದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿ ಇಟ್ಟುಕೊಂಡು ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸುವುದು. ಅಂಕಪಟ್ಟಿಯನ್ನು ತಿದ್ದಿಸಲು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಯವರೆಗೆ ಹೋಗಬೇಕಾಗುತ್ತದೆ, ಅದು ವರ್ಷಗಳ ಕೆಲಸ. ಆಧಾರ್ ತಿದ್ದುಪಡಿ ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಟ್ಟರೆ ಕೆಲವೇ ವಾರಗಳಲ್ಲಿ ಆಗುತ್ತದೆ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶವಿರುವುದರಿಂದ, ಕೇಂದ್ರದ ಹುಡುಗ ಗುಂಡಿ ಒತ್ತುವ ಮುನ್ನ ಪರದೆಯ ಮೇಲಿನ ಕನ್ನಡ ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ನೀವೇ ಬಾಯಿಬಿಟ್ಟು ಓದಿ ನೋಡಿರಿ. ಅವನಿಗೆ ಅವಸರವಿದ್ದರೆ ಇರಲಿ. ಹೆಸರು ಬದಲಾದ ವಾರದಲ್ಲಿಯೇ ಹೊಸ ಪ್ರತಿಯನ್ನು ಬ್ಯಾಂಕಿಗೂ ಕೊಟ್ಟುಬಿಡಬೇಕು, ಏಕೆಂದರೆ ಮುಂದೆ ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಣೆಯಾದ ಖಾತೆಗೇ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಮದುವೆಯಾದ ಹೆಣ್ಣುಮಕ್ಕಳು ಮಾಡುವ ತಪ್ಪು ಒಂದೇ, ಅದು ಗಂಡನ ಹೆಸರಿನಲ್ಲಿ ಅರ್ಜಿ ಹಾಕುವುದು. ಜಾತಿ ಹುಟ್ಟಿನಿಂದ ಬರುವುದರಿಂದ ಪ್ರಮಾಣಪತ್ರ ತಂದೆಯ ದಾಖಲೆಗಳ ಆಧಾರದ ಮೇಲೆಯೇ ಸಿಗುತ್ತದೆ; ಗಂಡನೂ ಅದೇ ಪಂಗಡದವನಾಗಿದ್ದರೂ ಈ ನಿಯಮ ಬದಲಾಗುವುದಿಲ್ಲ. ತವರಿಗೆ ಹೋಗಿ ತಂದೆಯ ಅಥವಾ ಅಣ್ಣತಮ್ಮಂದಿರ ಜಾತಿ ಪ್ರಮಾಣಪತ್ರದ ಪ್ರತಿಯನ್ನೂ ನಿಮ್ಮ ಪ್ರಾಥಮಿಕ ಶಾಲೆಯ ದಾಖಲಾತಿಯ ಪ್ರತಿಯನ್ನೂ ತೆಗೆದುಕೊಂಡು ನಾಡಕಚೇರಿಗೆ ಹೋಗಿರಿ. ಎಂಬತ್ತರ ದಶಕದಲ್ಲಿ ಶಾಲೆಗೆ ಸೇರಿದವರ ದಾಖಲೆಗಳಲ್ಲಿ ಬೇಡರು, ಬೇಡ ನಾಯಕ, ವಾಲ್ಮೀಕಿ ಎಂದು ಮೇಷ್ಟರಿಗೆ ತೋಚಿದಂತೆ ಬರೆದಿರುವುದುಂಟು. ನಾಯಕ ಪಂಗಡದ ಜೊತೆ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಕೌಂಟರಿನಲ್ಲಿ ವಾದಿಸುವುದು ಸುಲಭ. ಪರಿವಾರ ಮತ್ತು ತಳವಾರ ಎಂಬ ಹೆಸರುಗಳು ನಾಯಕ ಪಂಗಡದ ಪರ್ಯಾಯಗಳಾಗಿ ಪಟ್ಟಿಗೆ ಬಂದದ್ದು 2020ರ ತಿದ್ದುಪಡಿಯಿಂದ. ಆ ಮನೆತನಗಳ ಹೆಣ್ಣುಮಕ್ಕಳ ಬಳಿ ಇರುವುದು ಹಿಂದುಳಿದ ವರ್ಗದ ಹಳೆಯ ಪ್ರಮಾಣಪತ್ರವಾಗಿದ್ದರೆ ಅದನ್ನು ಬದಿಗಿಟ್ಟು ಹೊಸದಕ್ಕೆ ಅರ್ಜಿ ಹಾಕಬೇಕು.

ಆದಾಯ ಪ್ರಮಾಣಪತ್ರದ ನಿಯಮ ಇದಕ್ಕೆ ಸರಿಯಾಗಿ ತಿರುವುಮುರುವು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳಲ್ಲಿ, ಮದುವೆಯಾಗಿ ತಾನಾಗಿ ದುಡಿಮೆ ಇಲ್ಲದ ವಿದ್ಯಾರ್ಥಿನಿಯ ಮಟ್ಟಿಗೆ ಲೆಕ್ಕಕ್ಕೆ ಬರುವುದು ಗಂಡನ ಆದಾಯ. ಜಾತಿಗೆ ತವರು, ಆದಾಯಕ್ಕೆ ಗಂಡನ ಮನೆ: ಹೀಗೆ ಎರಡು ಮನೆಗಳ ನಡುವೆ ಹಂಚಿಹೋದ ಹೆಣ್ಣುಮಗಳೇ ಈ ಎರಡೂ ಕಾಗದಗಳಲ್ಲಿ ಒಂದೇ ಹೆಸರಿನಿಂದ ಕಾಣಿಸಬೇಕು. ನನಗೆ ಇದು ಗೊತ್ತಿರಲಿಲ್ಲ. ಮೊದಲ ವರ್ಷ ಊರಿನ ಆನ್‌ಲೈನ್ ಅಂಗಡಿಯಾತ ಎರಡನ್ನೂ ನಮ್ಮ ಅಪ್ಪನ ಹೆಸರಿನಲ್ಲಿಯೇ ಮಾಡಿಸಿಕೊಟ್ಟ. ಅರ್ಜಿ ತಿರಸ್ಕೃತವಾದದ್ದು ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದುಹೋಗಿತ್ತು. ಆ ವರ್ಷದ ಶುಲ್ಕವನ್ನು ಕಿವಿಯ ಬೆಂಡೋಲೆ ಒತ್ತೆಯಿಟ್ಟು ಕಟ್ಟಿದೆ.

ಉಳಿದ ವಿಷಯವನ್ನು ಮುಗಿಸುವುದು

ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಲು ಪಿಯುಸಿ ಅಥವಾ ಅದಕ್ಕೆ ಸಮಾನವಾದ ತೇರ್ಗಡೆ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಉಳಿದವರು ಹಳೆಯ ಅಂಕಪಟ್ಟಿಯ ನೋಂದಣಿ ಸಂಖ್ಯೆಯೊಂದಿಗೆ ತಾವು ಓದಿದ ಶಾಲೆಗೇ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಶಾಲೆ ಪೂರ್ತಿ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು. ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುವುದರಿಂದ ಒಮ್ಮೆ ಉಳಿದರೆ ಇಡೀ ವರ್ಷ ಕಾಯುವ ಪ್ರಮೇಯವಿಲ್ಲ. ಪಿಯುಸಿಯನ್ನೂ ಖಾಸಗಿಯಾಗಿ ಕಟ್ಟಬಹುದು, ಆದರೆ ಕಲಾ ಮತ್ತು ವಾಣಿಜ್ಯ ವಿಭಾಗಗಳಿಗೆ ಮಾತ್ರ; ಪ್ರಯೋಗಾಲಯ ಬೇಕಾಗುವ ವಿಜ್ಞಾನಕ್ಕೆ ಈ ದಾರಿ ಇಲ್ಲ. ಪಠ್ಯ ಬದಲಾಗಿರುತ್ತದೆ, ಹಾಗಾಗಿ ತಂಗಿಯ ಕಾಲದ ಹಳೆಯ ಗೈಡನ್ನು ನಂಬಿ ಕೂರಬಾರದು. ಪಕ್ಕದ ಮನೆಯ ಹುಡುಗಿ ಈ ವರ್ಷ ಯಾವ ಪುಸ್ತಕ ಓದುತ್ತಿದ್ದಾಳೋ ಅದೇ ನಿಮ್ಮದೂ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪಿಯುಸಿ ಇಲ್ಲದಿದ್ದರೂ ನೇರವಾಗಿ ಪದವಿ, ಒಂದೇ ವರ್ಷದಲ್ಲಿ ಮೂರು ವರ್ಷದ ಅಂಕಪಟ್ಟಿ, ಪರೀಕ್ಷೆಗೆ ಬರುವ ಅಗತ್ಯವೂ ಇಲ್ಲ ಎಂದು ಹೇಳುವ ಮಂದಿ ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಸುತ್ತಮುತ್ತ ಇದ್ದಾರೆ. ಪದವಿಯ ಓದು ಮೂರು ವರ್ಷದ್ದು, ಅದನ್ನು ಒಂದೇ ವರ್ಷದಲ್ಲಿ ಮುಗಿಸುವ ಅಡ್ಡದಾರಿ ಇಲ್ಲ. ನನ್ನ ನಾದಿನಿ ಇಂಥದೊಂದು ಕಡೆ ಎರಡು ಕಂತಿನಲ್ಲಿ ಹಣ ಕೊಟ್ಟು, ದೂರದ ಯಾವುದೋ ರಾಜ್ಯದ ಹೆಸರಿದ್ದ ಹೊಳೆಯುವ ಕಾಗದವೊಂದನ್ನು ಪಡೆದಳು. ನೌಕರಿಯ ಅರ್ಜಿಗೆ ಅದನ್ನು ಲಗತ್ತಿಸಲು ಹೋದ ದಿನವೇ ಅದು ಬರೀ ಕಾಗದ ಎಂಬುದು ಗೊತ್ತಾಯಿತು.

ಯಾವ ವಿಶ್ವವಿದ್ಯಾಲಯ, ಯಾವ ವಿಷಯ

ಮನೆ, ಮಕ್ಕಳು, ಕೂಲಿ ಅಥವಾ ಗೌರವಧನದ ಕೆಲಸ ಇಟ್ಟುಕೊಂಡು ಓದುವವರಿಗೆ ಹೊಂದುವುದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. 1996ರಲ್ಲಿ ಆರಂಭವಾದ ಇದರ ಪ್ರಾದೇಶಿಕ ಕೇಂದ್ರ ಬಳ್ಳಾರಿಯಲ್ಲಿಯೂ ಇದೆ. ಪ್ರವೇಶಕ್ಕೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಬಿ.ಎ. ಪದವಿಯನ್ನು ಕನ್ನಡದಲ್ಲಿಯೇ ಓದಿ ಕನ್ನಡದಲ್ಲಿಯೇ ಬರೆಯಬಹುದು. ಇದಕ್ಕೆ ನಡುವೆ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕಿತು. ಆ ಹಳೆಯ ಸುದ್ದಿಯನ್ನೇ ಹಿಡಿದುಕೊಂಡು ‘ಅದು ನಡೆಯೋದಿಲ್ಲ’ ಎನ್ನುವ ದೊಡ್ಡಪ್ಪಂದಿರು ಪ್ರತಿ ಊರಿನಲ್ಲಿದ್ದಾರೆ. ಯುಜಿಸಿಯ 2020ರ ನಿಯಮಗಳ ಪ್ರಕಾರ, ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ಒಳ್ಳೆಯದೇ, ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಆದರೆ ಅದರ ಪಠ್ಯ ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುದರಿಂದ, ಇಂಗ್ಲಿಷ್ ಒಂದೇ ವಿಷಯ ಉಳಿದು ಹತ್ತು ವರ್ಷ ಮನೆಯಲ್ಲಿದ್ದವಳನ್ನು ನಾನು ಅಲ್ಲಿಗೆ ಕಳಿಸಲಾರೆ.

ದೂರಶಿಕ್ಷಣಕ್ಕೆ ಸೇರುವವರು ಈಗ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಆನ್‌ಲೈನ್ ಖಾತೆಯ ಗುರುತಿನ ಸಂಖ್ಯೆಯನ್ನು ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್ ಮೂಲಕ ಪಡೆದು, ಅದರ ಆಧಾರದ ಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ಡಿಇಬಿ ಸಂಖ್ಯೆಯನ್ನು ಪಡೆಯಬೇಕು. 2024ರಿಂದ ಇದು ಕಡ್ಡಾಯ. ಎರಡಕ್ಕೂ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಬೇಕು. ಆ ಮೊಬೈಲ್ ಬೆಂಗಳೂರಿಗೆ ಗುಳೆ ಹೋದ ಗಂಡನ ಕಿಸೆಯಲ್ಲಿದ್ದರೆ ಒಟಿಪಿ ಅಲ್ಲಿಗೆ ಹೋಗುತ್ತದೆ, ಅರ್ಜಿ ಇಲ್ಲಿ ನಿಲ್ಲುತ್ತದೆ. ಹೆಸರು ತಿದ್ದಿಸಲು ಹೋದ ದಿನವೇ ನಿಮ್ಮ ಸ್ವಂತ ಸಂಖ್ಯೆಯನ್ನೂ ಆಧಾರ್‌ಗೆ ಜೋಡಿಸಿಬಿಡುವುದು ಜಾಣತನ.

ಪಟ್ಟಣದಲ್ಲಿಯೇ ಇದ್ದು ಮಕ್ಕಳು ದೊಡ್ಡವರಾಗಿರುವವರಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇನ್ನೂ ಮೇಲು, ಪಾಠ ಹೇಳುವವರು ಎದುರಿಗೇ ಇರುತ್ತಾರೆ. ಅಲ್ಲಿ ಹಾಜರಾತಿಯ ಕಟ್ಟುನಿಟ್ಟು ಮಾತ್ರ ನೆನಪಿನಲ್ಲಿರಲಿ. ಸ್ನಾತಕೋತ್ತರ ಓದಿನವರೆಗೆ ಬಂದವರಿಗೆ ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ಯರಗೇರಾದಲ್ಲಿ ಈಚೆಗೆ ಮಹರ್ಷಿ ವಾಲ್ಮೀಕಿಯ ಹೆಸರು ಪಡೆದ ರಾಯಚೂರು ವಿಶ್ವವಿದ್ಯಾಲಯವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ 3ರಿಂದ 7ಕ್ಕೆ ಏರಿದೆ. ಇದರ ಜೊತೆಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟುಗಳು ಈ ಭಾಗದವರಿಗೇ ಮೀಸಲು. ಅದಕ್ಕೆ ಬೇಕಾಗುವ ಅರ್ಹತಾ ಪ್ರಮಾಣಪತ್ರ ಸಿಗುವುದು ಉಪವಿಭಾಗಾಧಿಕಾರಿಗಳ ಕಚೇರಿಯಿಂದ, ನಾಡಕಚೇರಿಯಿಂದಲ್ಲ. ಬೇರೆ ಭಾಗದಿಂದ ಸೊಸೆಯಾಗಿ ಬಂದವರು ತಮ್ಮ ದಾಖಲೆಗಳನ್ನು ಒಯ್ದು ಅಲ್ಲಿಯೇ ವಿಚಾರಿಸುವುದು ಲೇಸು.

ವಿಷಯದ ಆಯ್ಕೆಯಲ್ಲಿ ಮುಂದಿನ ದಾರಿಯನ್ನು ಮೊದಲೇ ನೋಡಬೇಕು. ಶಿಕ್ಷಕಿಯಾಗಬೇಕೆಂಬ ಆಸೆ ಇರುವವರು ಪ್ರೌಢಶಾಲೆಯಲ್ಲಿ ಕಲಿಸುವ ವಿಷಯಗಳು ಪದವಿಯಲ್ಲಿ ಇರುವಂತೆ ಆರಿಸಿಕೊಳ್ಳಬೇಕು, ಕನ್ನಡ ಮತ್ತು ಇತಿಹಾಸ ಇದ್ದರೆ ಬಿ.ಇಡಿ.ಗೆ ಹೋಗುವುದು ಸಲೀಸು. ಬಿ.ಇಡಿ. ಪ್ರವೇಶಕ್ಕೆ ಪರಿಶಿಷ್ಟ ಪಂಗಡದವರಿಗೂ ಪದವಿಯಲ್ಲಿ ಶೇ 45 ಅಂಕ ಬೇಕಾಗುವುದರಿಂದ ಬರೀ ಪಾಸಾಗುವ ಗುರಿ ಸಾಲದು. ಕಹಿಯಾದರೂ ಇನ್ನೊಂದು ಲೆಕ್ಕ ಹೇಳುತ್ತೇನೆ: ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಪರಿಶಿಷ್ಟ ಪಂಗಡದವರಿಗೆ ವಯೋಮಿತಿ ಸಾಮಾನ್ಯವಾಗಿ 40, ವಿಧವೆಯರಿಗೆ ಅದಕ್ಕೆ ಹತ್ತು ವರ್ಷ ಹೆಚ್ಚುವರಿ. ಮೂವತ್ತೆಂಟರಲ್ಲಿ ಬಿ.ಎ. ಸೇರುವವಳಿಗೆ ಪದವಿ ಕೈಗೆ ಬರುವ ಹೊತ್ತಿಗೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಈಗಾಗಲೇ ಅಂಗನವಾಡಿ, ಆಶಾ, ಸ್ವಸಹಾಯ ಸಂಘದ ಒಕ್ಕೂಟ ಅಥವಾ ಪಂಚಾಯಿತಿಯ ಕೆಲಸದಲ್ಲಿ ಇರುವವರಿಗೆ ಮಾತ್ರ ಪದವಿಯ ಬೆಲೆ ಬೇರೆ ಬಗೆಯದು. ಮೇಲಿನ ಹುದ್ದೆಗೆ ಅರ್ಹತೆ, ಸಭೆಯಲ್ಲಿ ಕಡತ ಓದಿ ಪ್ರಶ್ನೆ ಕೇಳುವ ಧೈರ್ಯ, ಇವೆರಡಕ್ಕೂ ಅದು ನೆರವಾಗುತ್ತದೆ. ನೌಕರಿಗಾಗಿಯೇ ಓದುವುದಾದರೆ ಮೊದಲು ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿರಿ. ನಾನಂತೂ ನೌಕರಿಗಾಗಿ ಓದಲಿಲ್ಲ, ಉಳಿದದ್ದು ಚುಕ್ತಾ ಮಾಡಲೆಂದೇ ಓದಿದೆ.

ದುಡ್ಡಿನ ಮಾತು

ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ದೂರಶಿಕ್ಷಣದವರಿಗೆ ನಿರ್ವಹಣಾ ಭತ್ಯೆ ಇಲ್ಲವಾದರೂ ವಿಶ್ವವಿದ್ಯಾಲಯ ಮರಳಿ ಕೊಡದ ಶುಲ್ಕದ ಮರುಪಾವತಿ ಮತ್ತು ಪುಸ್ತಕದ ನೆರವಿಗೆ ಅವರೂ ಅರ್ಹರು. ‘ಕರೆಸ್ಪಾಂಡೆನ್ಸ್‌ನವರಿಗೆ ಏನೂ ಬರೋದಿಲ್ಲ’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಹಿಂದಿರುಗಬೇಡಿರಿ, ತಾಲ್ಲೂಕಿನ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಕೇಳಿರಿ. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ. ಅಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆಗಳು, ವಿಶ್ವವಿದ್ಯಾಲಯ ಕೊಟ್ಟ ನೋಂದಣಿ ಸಂಖ್ಯೆ, ಶುಲ್ಕ ಕಟ್ಟಿದ ರಸೀದಿಯ ವಿವರಗಳನ್ನು ತುಂಬಬೇಕು. ಆರ್‌ಡಿ ಸಂಖ್ಯೆ ಹಾಕಿದೊಡನೆ ಪರದೆಯ ಮೇಲೆ ಪ್ರಮಾಣಪತ್ರದಲ್ಲಿರುವ ಹೆಸರು ತಾನಾಗಿ ಮೂಡುತ್ತದೆ. ಹೊರಸಿನ ಮೇಲೆ ಕಾಗದ ಹರಡಿ ಕಳೆದ ಆ ಸಂಜೆಯ ಫಲ ಸಿಗುವುದು ಈ ಗಳಿಗೆಯಲ್ಲಿ, ಅಥವಾ ಸಿಗದೆ ಹೋಗುವುದು.

ಬಸ್ಸಿನ ಖರ್ಚು ಈಗ ಇಲ್ಲ ಎಂಬುದು ಸಣ್ಣ ಮಾತಲ್ಲ. ಹಿಂದೆ ಕಾಲೇಜು ಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟದ್ದು ಶುಲ್ಕಕ್ಕಾಗಿ ಅಲ್ಲ, ದಿನದ ಟಿಕೆಟಿನ ಹಣಕ್ಕಾಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟ್ ಇಲ್ಲ. ಸಿಂಧನೂರಿನಿಂದ ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗಿಬರಲು ಗುರುತಿನ ಚೀಟಿ ಇದ್ದರೆ ಸಾಕು. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿಯಲ್ಲಿ ಇನ್ನೂರು ಮುನ್ನೂರನ್ನು ಅಂಚೆ ಕಚೇರಿಯ ಖಾತೆಯಲ್ಲಿ ಬೇರೆಯಾಗಿ ಇಡುತ್ತ ಬಂದರೆ ಪರೀಕ್ಷಾ ಶುಲ್ಕಕ್ಕೆ ಯಾರ ಮುಂದೆಯೂ ಕೈಯೊಡ್ಡಬೇಕಾಗುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ಅತ್ತೆ, ಹೆಬ್ಬೆಟ್ಟು ಒತ್ತುವವಳು.

ನಾಟಿಯ ಕಾಲ, ಪರೀಕ್ಷೆಯ ಕಾಲ

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಜುಲೈ–ಆಗಸ್ಟ್‌ನಲ್ಲಿ ಭತ್ತದ ನಾಟಿ, ಆಮೇಲೆ ಕಳೆ, ದೀಪಾವಳಿಯ ಆಚೀಚೆ ಹತ್ತಿ ಬಿಡಿಸುವುದು, ಸಂಕ್ರಾಂತಿಯ ನಂತರ ಮೆಣಸಿನಕಾಯಿ: ನಮ್ಮ ಹೆಣ್ಣುಮಕ್ಕಳ ವರ್ಷವನ್ನು ನಡೆಸುವುದು ಈ ಪಂಚಾಂಗ. ವಿಶ್ವವಿದ್ಯಾಲಯದ ವೇಳಾಪಟ್ಟಿ ಕೈಗೆ ಬಂದೊಡನೆ ಅದನ್ನು ಇದರ ಪಕ್ಕದಲ್ಲಿಟ್ಟು, ಎಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಬೇಕು. ಮುಕ್ತ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ಪ್ರವೇಶ ನಡೆಯುತ್ತದೆ. ನಾಟಿಯ ಗುತ್ತಿಗೆ ಹಿಡಿಯುವ ಗುಂಪಿನವರಿಗೆ ಜನವರಿಯ ಪ್ರವೇಶವೇ ಅನುಕೂಲ ಎಂಬುದು ನನ್ನ ಅನುಭವ, ಏಕೆಂದರೆ ಮುಂಗಾರಿನ ಕೂಲಿಯ ಹಣ ಆಗ ಕೈಯಲ್ಲಿರುತ್ತದೆ.

ದೂರಶಿಕ್ಷಣದವರನ್ನು ಬಳ್ಳಾರಿಯ ಕೇಂದ್ರಕ್ಕೆ ಕರೆಸಿ ಎದುರಿಗೆ ಪಾಠ ಹೇಳುವ ಸಂಪರ್ಕ ತರಗತಿಗಳನ್ನು ತಪ್ಪಿಸಬಾರದು. ಮನೆಯಲ್ಲಿ ಪಠ್ಯ ಇದೆಯಲ್ಲ, ಸುಮ್ಮನೆ ಯಾಕೆ ಹೋಗುವುದು ಎಂದು ಅನ್ನಿಸುವುದು ಸಹಜ. ಆದರೆ ‘ಮೀಮಾಂಸೆ’, ‘ವಿಕೇಂದ್ರೀಕರಣ’ದಂಥ ಮಾತುಗಳನ್ನು ಯಾರಾದರೂ ಬಾಯಿಂದ ಹೇಳಿ ಬಿಡಿಸಿದಾಗ ಅವು ಕಲ್ಲಿನಂತೆ ಉಳಿಯುವುದಿಲ್ಲ. ಅಲ್ಲಿ ಪಕ್ಕದಲ್ಲಿ ಕೂತವಳೂ ನಿಮ್ಮಂತೆಯೇ ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು ಬಂದವಳು ಎಂಬುದು ತಿಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿಗಳಿಗೆ 1969ರಿಂದ ನಡೆದುಬಂದಿರುವ ಅಬ್‌ಸ್ಟಡಿ ಎಂಬ ಸರ್ಕಾರಿ ನೆರವು, ದೂರದ ಊರುಗಳಿಂದ ಕೆಲವು ದಿನಗಳ ಪಾಠಕ್ಕೆಂದು ವಿಶ್ವವಿದ್ಯಾಲಯಕ್ಕೆ ಬರುವವರ ಪ್ರಯಾಣ ಮತ್ತು ವಸತಿಯ ವೆಚ್ಚವನ್ನೂ ಭರಿಸುತ್ತದೆ. ನಮ್ಮಲ್ಲಿ ಬಸ್ಸಿನ ಮಟ್ಟಿಗೆ ಅದು ಆಗಿದೆ. ರಾತ್ರಿ ಉಳಿಯುವ ಜಾಗ ಇನ್ನೂ ನೆಂಟರ ಮನೆಯೇ. ಬಳ್ಳಾರಿಯಲ್ಲಿ ನೆಂಟರಿಲ್ಲದವರು ಇಬ್ಬರು ಮೂವರು ಕೂಡಿ ಹೋಗಿ, ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಸುರಕ್ಷಿತ.

ಮನೆಯಲ್ಲಿ ಓದಲು ಜಾಗ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಒಳ್ಳೆಯ ಆಸರೆ. ಮಧ್ಯಾಹ್ನ ಅಲ್ಲಿ ಗಂಡಸರು ದಿನಪತ್ರಿಕೆ ಹರಡಿಕೊಂಡು ಕೂತಿರುತ್ತಾರೆ, ಮೊದಲ ದಿನ ಒಳಗೆ ಹೋಗಲು ನನಗೂ ಕಾಲು ತಡೆಯಿತು. ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ವಾರದ ಮೇಲೆ ಅವರೇ ಬೆಂಚು ಬಿಟ್ಟುಕೊಟ್ಟರು.

ಬರೆಯುವ ಕೈ

ಇಪ್ಪತ್ತು ವರ್ಷ ಪೆನ್ನು ಹಿಡಿಯದ ಕೈಗೆ ಮೂರು ಗಂಟೆ ಬರೆಯುವುದು ಎಷ್ಟು ಕಷ್ಟ ಎಂಬುದನ್ನು ಕಲಿಸುವವರು ಯಾರೂ ಹೇಳುವುದಿಲ್ಲ. ನನಗೆ ಮೊದಲ ಪರೀಕ್ಷೆಯಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಹೆಬ್ಬೆರಳ ಬುಡ ಸೆಟೆದುಕೊಂಡು, ಬರೆದ ಅಕ್ಷರ ಗೆರೆಯಿಂದ ಕೆಳಗೆ ಜಾರತೊಡಗಿತು. ಉತ್ತರ ಗೊತ್ತಿದ್ದ ಎರಡು ಪ್ರಶ್ನೆಗಳು ಹಾಗೆಯೇ ಉಳಿದವು. ಆ ಮೇಲೆ ನಾನು ಕಂಡುಕೊಂಡ ಉಪಾಯ ಇಷ್ಟೇ: ದಿನಾಲೂ ಅಂಗನವಾಡಿಯ ದಾಖಲೆ ಪುಸ್ತಕ ಮುಗಿಸಿದ ಮೇಲೆ, ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದೇ ಪ್ರಶ್ನೆ ತೆಗೆದುಕೊಂಡು ಗಡಿಯಾರ ಎದುರಿಗಿಟ್ಟು ಇಪ್ಪತ್ತು ನಿಮಿಷ ಬರೆಯುವುದು. ಮೊದಲ ವಾರ ಒಂದು ಪುಟ ಆಗಲಿಲ್ಲ. ಎರಡು ತಿಂಗಳಿಗೆ ಎರಡೂವರೆ ಪುಟಕ್ಕೆ ಬಂತು. ದಪ್ಪ ಹಿಡಿಕೆಯ ಪೆನ್ನು ತೆಗೆದುಕೊಂಡರೆ ನಾಟಿ ಮಾಡಿ ಊದಿದ ಬೆರಳಿಗೆ ನೋವು ಕಡಿಮೆ. ಅಂಗಡಿಯಲ್ಲಿ ಎಲ್ಲಕ್ಕಿಂತ ತೆಳ್ಳಗಿನದನ್ನೇ ಕೊಡುತ್ತಾರೆ, ಕೇಳಿ ಬದಲಿಸಿಕೊಳ್ಳಿರಿ.

ಓದಿದ್ದನ್ನು ನೆನಪಿಟ್ಟುಕೊಳ್ಳುವುದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಹುಡುಗರಿಗಿಂತ ಒಂದು ಅನುಕೂಲ ಹೆಚ್ಚೇ ಇದೆ, ಬೀಸುವ ಪದ, ಸೋಬಾನೆ ಪದ ಇಡಿಯಾಗಿ ಬಾಯಲ್ಲಿ ಇಟ್ಟುಕೊಂಡ ತಾಯಂದಿರ ಮಕ್ಕಳು ನಾವು. ಪಾಠವನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ರೊಟ್ಟಿ ಬಡಿಯುವಾಗ ಕೇಳುವುದು, ಕೇಳಿದ್ದನ್ನು ಜೊತೆಯವಳಿಗೆ ನಾಟಿಯ ಸಾಲಿನಲ್ಲಿ ಕಥೆಯಂತೆ ಹೇಳುವುದು, ಇವು ಗೈಡಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ನಮ್ಮ ಗುಂಪಿನಲ್ಲಿ ಶಾಲೆಯ ಮುಖವನ್ನೇ ಕಾಣದ ಇಬ್ಬರಿಗೆ ಈಗ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಇರುವುದು ಗೊತ್ತು. ಅದು ನನ್ನ ಇತಿಹಾಸದ ಎರಡನೆಯ ಪತ್ರಿಕೆಯ ತಯಾರಿಯ ಫಲ.

ಆಂತರಿಕ ಅಂಕಗಳ ನಿಯೋಜಿತ ಬರಹಗಳನ್ನು (ಅಸೈನ್‌ಮೆಂಟ್) ಬೇರೆಯವರಿಂದ ಬರೆಸಬೇಡಿರಿ, ಅವೇ ಕೈಗೆ ಸಿಗುವ ಅತ್ಯುತ್ತಮ ಅಭ್ಯಾಸ. ಕಳಿಸುವ ಮುನ್ನ ಪ್ರತಿ ಹಾಳೆಯ ಫೋಟೋ ತೆಗೆದಿಟ್ಟುಕೊಂಡು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಒಂದು ವಿಷಯ ಮತ್ತೆ ಉಳಿದರೂ ಗಾಬರಿಯಾಗುವ ಕಾರಣವಿಲ್ಲ. ಪದವಿ ಮುಗಿಸಲು ನಿಗದಿಯಾದ ಗರಿಷ್ಠ ಅವಧಿ ಕನಿಷ್ಠ ಅವಧಿಗಿಂತ ದೊಡ್ಡದಾಗಿದ್ದು, ಆ ಒಳಗೆ ಅದನ್ನು ಮತ್ತೆ ಕಟ್ಟಬಹುದು.

ಕೊನೆಯ ಫಲಿತಾಂಶ ಬಂದ ಮೇಲೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಮತ್ತು ಎಲ್ಲ ಅಂಕಪಟ್ಟಿಗಳನ್ನು ಪಡೆದು, ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಅದು ತಾನಾಗಿ ಅಂಚೆಯಲ್ಲಿ ಬರುತ್ತದೆಂದು ಕಾದು ಕೂತವರನ್ನು ಕಂಡಿದ್ದೇನೆ. ಅರ್ಜಿಯಲ್ಲಿ ಹೆಸರಿನ ಅಂಕಣ ಬಂದಾಗ ಮತ್ತೊಮ್ಮೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಹೊರತೆಗೆದು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿರಿ. ನನ್ನ ಪದವಿ ಪ್ರಮಾಣಪತ್ರದಲ್ಲಿ ಇರುವುದು ಆರನೆಯ ವರ್ಷಕ್ಕೆ ಶಾಲೆಗೆ ಸೇರಿಸುವಾಗ ಅಪ್ಪ ಬರೆಸಿದ ಹೆಸರು. ಗಂಡನ ಮನೆಯಲ್ಲಿ ಆ ಹೆಸರಿನಿಂದ ನನ್ನನ್ನು ಕರೆದವರು ಇರಲಿಲ್ಲ. ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ಅದನ್ನು ಮೊದಲು ಜೋರಾಗಿ ಓದಿದವಳು ಮಗಳು.